ಗುಂಡು ಪುಟಿದ ಜಾಗ

ಎಡಚಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಆ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಹಾಗೆ ಹೇಳುವವರಲ್ಲಿ ಅರ್ಧ ಜನರ ಮನೆಯ ಕೊಡಲಿ, ಗುದ್ದಲಿ, ಬಾಗಿಲ ಚಿಲಕ ಎಲ್ಲ ಅವಳ ಏಟು ತಿಂದೇ ರೂಪಕ್ಕೆ ಬಂದವು. ಆ ಮಾತನ್ನು ಮಾತ್ರ ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಥವರ ನಡುವೆ ಬದುಕಿದರೆ ಕೋಪ ಬರದೆ ಇನ್ನೇನು, ನಗು ಬರುತ್ತದೆಯೇ?

ಎಡಗೈಯವಳಾದ್ದರಿಂದ ಚಿಕ್ಕಂದಿನಲ್ಲಿ ಎಡಚಿ, ವಯಸ್ಸು ಐವತ್ತು ದಾಟಿದ ಮೇಲೆ ಮರ್ಯಾದೆಗೆ ಎಡಚಕ್ಕ. ಎಡಭುಜ ಬಲಭುಜಕ್ಕಿಂತ ಎದ್ದು ಕಾಣುವಷ್ಟು ದಪ್ಪ. ದರ್ಜಿ ಪ್ರತಿ ಸಲವೂ ಟೇಪು ಹಿಡಿದು, "ಅಕ್ಕಾ, ನಿಮ್ಮೊಬ್ರದ್ದೇ ಇಬ್ಬರ ಅಳತೆ ಆಗುತ್ತೆ" ಎಂದು ಗೊಣಗುತ್ತಾನೆ. "ಇಬ್ಬರ ಕೂಲಿ ತಗೋ, ಬಾಯಿ ಮುಚ್ಕೊಂಡು ಹೊಲಿ" ಎನ್ನುತ್ತಾಳೆ ಇವಳು. ಊರಾಚೆಯ ಕಲ್ಲುಗಣಿಯವರಿಗೆ ಉಳಿ, ಹಾರೆ ಮಾಡಿಕೊಡುವುದು, ಮೊಂಡಾದವಕ್ಕೆ ಮತ್ತೆ ಮೊನೆ ತಟ್ಟಿ, ಗಟ್ಟಿಯಾಗಲೆಂದು ನೀರು ಕುಡಿಸುವುದು ಅವಳ ಕಸುಬು. ಒಮ್ಮೆ ಮದುವೆಯೂ ಆಗಿತ್ತು. ಗಂಡ ಅನ್ನಿಸಿಕೊಂಡವನು, "ನಿನ್ನ ಕೈ ಎಷ್ಟು ಒರಟು" ಎಂದನಂತೆ. "ನಿನ್ನ ನಾಲಿಗೆಗಿಂತ ಮೆತ್ತಗೇ ಇದೆ" ಎಂದು ಹೇಳಿ, ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಮನೆ ಎಂದರೆ ಉದ್ದಕ್ಕೆ ರೈಲುಡಬ್ಬಿಯ ಹಾಗೆ. ರಸ್ತೆಗೆ ಮುಖ ಮಾಡಿ ತಮ್ಮನ ಗೇಟು-ಗ್ರಿಲ್ಲಿನ ಅಂಗಡಿ, ಗಾಜಿನ ಬಾಗಿಲು, ಒಳಗೆ ತಿರುಗುವ ಕುರ್ಚಿ. ಅದರ ಹಿಂದೆ ಅಡುಗೆಮನೆ, ಆಮೇಲೆ ಸೋದರತ್ತೆಯ ಸಣ್ಣ ಕೋಣೆ, ಅದರ ಗೋಡೆಯಾಚೆ ಎಲ್ಲಕ್ಕಿಂತ ಕೊನೆಗೆ ತಗಡಿನ ಮಾಡಿನ ಕುಲುಮೆ. ಕುಲುಮೆಯ ನಡುವೆ ಮೊಣಕಾಲೆತ್ತರದ ಮರದ ಕೊರಡು, ಕೊರಡಿನ ಮೇಲೆ ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು; ಹೆಸರಿಗಷ್ಟೇ ಕಲ್ಲು, ಮೈಯೆಲ್ಲ ಕಬ್ಬಿಣ. ಒಂದು ಕಡೆ ಕೊಂಬು, ಇನ್ನೊಂದು ಕಡೆ ಬಾಲ, ನಡುವೆ ಏಟು ತಿಂದು ತಿಂದು ತೊಟ್ಟಿಲಿನಂತೆ ತಗ್ಗಿದ ಮುಖ. ಮುತ್ತಜ್ಜ ತಂದದ್ದು ಎಂದು ಅಪ್ಪ ಹೇಳುತ್ತಿದ್ದ. ಎಲ್ಲಿಂದ ತಂದ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಕತೆ.

ಅವಳು ಚಮ್ಮಟಿಗೆ ಹಿಡಿದದ್ದು ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲಿ. ಅಪ್ಪನ ಎದುರು ನಿಂತು ಬಡಿಯುತ್ತಿದ್ದ ಆಳು ಒಂದು ಬೆಳಿಗ್ಗೆ ಹೇಳದೆ ಕೇಳದೆ ಕೈಕೊಟ್ಟ. ಒಲೆಯಲ್ಲಿ ಹಾರೆ ಕೆಂಡವಾಗಿತ್ತು. ಕಬ್ಬಿಣ ಕಾದಾಗಲೇ ಬಡಿಯಬೇಕು ಎನ್ನುವುದು ಉಳಿದವರಿಗೆ ಗಾದೆ, ಕಮ್ಮಾರನಿಗೆ ಅವತ್ತಿನ ಅನ್ನ. ಅಪ್ಪ ಸುತ್ತ ನೋಡಿದ. ತಮ್ಮ ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಕೂಸು. "ಇವತ್ತೊಂದಿನ ಹಿಡಿಯೇ ಎಡಚಿ" ಎಂದ. ಆ ಇವತ್ತೊಂದಿನ ಅಪ್ಪ ಹಾಸಿಗೆ ಹಿಡಿಯುವ ತನಕ ಮುಗಿಯಲಿಲ್ಲ.

ಕುಲುಮೆಯಲ್ಲಿ ಬಾಯಿಮಾತು ನಡೆಯುವುದಿಲ್ಲ. ಕಮ್ಮಾರನ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸಣ್ಣ ಸುತ್ತಿಗೆ. ಎದುರಿಗೆ ನಿಂತವರ ಕೈಯಲ್ಲಿ ಉದ್ದ ಹಿಡಿಕೆಯ ಭಾರದ ಚಮ್ಮಟಿಗೆ. ಆ ಗದ್ದಲದಲ್ಲಿ ಸುತ್ತಿಗೆಯೇ ಮಾತಾಡಬೇಕು. ಅದು ಎಲ್ಲಿ ಟಿಣ್ ಎನ್ನುತ್ತದೋ ಅಲ್ಲಿ ಚಮ್ಮಟಿಗೆ ಬೀಳಬೇಕು. ಟಿಣ್ ಟಿಣ್ ಎಂದು ಎರಡು ಸಲ ಅಂದರೆ ಇನ್ನೂ ಜೋರಾಗಿ. ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಅಡ್ಡ ಮಲಗಿಸಿದರೆ ಸಾಕು, ನಿಲ್ಲಿಸು. ಅಪ್ಪ-ಮಗಳ ನಡುವೆ ಜೀವಮಾನವೆಲ್ಲ ನಡೆದ ಮಾತುಕತೆ ಹೆಚ್ಚುಕಡಿಮೆ ಇಷ್ಟೇ.

ಆ ಸುತ್ತಿಗೆಯನ್ನು ಅಪ್ಪ ಇನ್ನೊಂದಕ್ಕೂ ಮಲಗಿಸುತ್ತಿದ್ದ. ಹಿತ್ತಲ ಬಾಗಿಲಲ್ಲಿ ಗಿರಾಕಿಯ ನೆರಳು ಕಂಡರೆ ಸಾಕು, ಸುತ್ತಿಗೆ ಅಡ್ಡ. ಅಂದರೆ ಚಮ್ಮಟಿಗೆ ಇಡು, ಒಳಗೆ ಹೋಗು. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಅವಳು ಅತ್ತೆಯ ಕೋಣೆಗೆ ನುಸುಳಬೇಕು. ಗೋಡೆಯ ಕಿಂಡಿಯಲ್ಲಿ ಅಪ್ಪನ ಮಾತು ಕೇಳುತ್ತಿತ್ತು: "ನಮ್ಮ ಹುಡುಗ ಹೊಡೆದದ್ದು ಸ್ವಾಮಿ, ಏಟು ನೋಡಿ ಹೆಂಗಿದೆ!" ಹುಡುಗ ಆಗ ಬೀದಿಯಲ್ಲಿ ಗೋಲಿ ಆಡುತ್ತಿದ್ದ. ಅಪ್ಪ ಕೆಟ್ಟವನಲ್ಲ ಎನ್ನುತ್ತಾರೆ ಎಲ್ಲರೂ. ಇರಬಹುದು. ಮಗಳ ರಟ್ಟೆ ಬೇಕು, ಮಗಳು ಹೊಡೆದಳು ಎನ್ನಲು ನಾಚಿಕೆ. ಇದಕ್ಕೆ ಒಳ್ಳೆಯತನ ಎಂದು ಹೆಸರಿದ್ದರೆ ಆ ಹೆಸರಿಗಿಷ್ಟು ಬೆಂಕಿ ಹಾಕಬೇಕು.

ಸಾಯುವಾಗಲಾದರೂ ಬಾಯಿ ಬಿಚ್ಚಿದನೇ? ಹಾಸಿಗೆಯ ಸುತ್ತ ಮೂವರಿದ್ದರು: ಮಗಳು, ಮಗ, ಅತ್ತೆ. "ಆ ಅಡಿಗಲ್ಲು..." ಎಂದ. ಉಸಿರು ತೆಗೆದುಕೊಂಡ. "ಅದರ ಮೇಲೆ ಯಾರು ಕೆಲಸ ಮಾಡಿದ್ದಾರೋ ಅವರಿಗೆ." ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕಣ್ಣು ಮುಚ್ಚಿದ. ಎಡಚಿಗೆ ಅಂತ ನಾಲ್ಕಕ್ಷರ ಹೇಳಿದ್ದರೆ ಪ್ರಾಣ ಇನ್ನೊಂದು ಗಳಿಗೆ ಮೊದಲು ಹೋಗುತ್ತಿತ್ತೋ ಏನೋ!

ಒಂದು ವರ್ಷ ಯಾರೂ ಆ ಮಾತು ಎತ್ತಲಿಲ್ಲ. ಅಕ್ಕ ಹಿಂದೆ ಬಡಿಯುತ್ತಿದ್ದಳು, ತಮ್ಮ ಮುಂದೆ ಕುರ್ಚಿ ತಿರುಗಿಸುತ್ತಿದ್ದ. ಆಮೇಲೆ ಒಬ್ಬ ಹೋಟೆಲಿನವನು ಗೇಟು ಮಾಡಿಸಲು ಬಂದ. ಹೊಸ ಹೋಟೆಲಿನ ಮುಂಗಟ್ಟಿನಲ್ಲಿ ಹಳೆಯ ಕಾಲದ ಸಾಮಾನು ಇಡುವ ಚಪಲ ಅವನಿಗೆ. ತಮ್ಮ ಅವನನ್ನು ಹಿಂದಕ್ಕೆ ಕರೆತಂದು, ಅಕ್ಕ ಕೆಲಸದಲ್ಲಿರುವಾಗಲೇ ಅಡಿಗಲ್ಲಿನ ಕೊಂಬಿನ ಮೇಲೆ ಕೈಯಿಟ್ಟು, "ನಾಲ್ಕು ತಲೆಮಾರಿಂದು ಸಾರ್. ಅಪ್ಪ, ನಾನು ಇದರ ಮೇಲೇ ದುಡಿದು ಮೇಲೆ ಬಂದ್ವಿ" ಎಂದ. ಹೋಟೆಲಿನವನು, ಬೆಲೆ ಕಟ್ಟುವವರೊಬ್ಬರನ್ನು ಕಳಿಸುತ್ತೇನೆ, ಅವರು ಹೂಂ ಎಂದರೆ ಕೊಳ್ಳುತ್ತೇನೆ ಎಂದು ಹೋದ.

ಎಡಚಕ್ಕ ಇಕ್ಕಳವನ್ನು ನೀರಿನ ಬಾನಿಗೆ ಎಸೆದಳು.

"ಯಾರೋ ದುಡಿದದ್ದು? ಇನ್ನೊಂದ್ಸಲ ಹೇಳು."

"ಅಯ್ಯೋ ವ್ಯಾಪಾರಕ್ಕೆ ಅಂದೆ ಅಕ್ಕ. ನೀನೂ ಸಹಾಯ ಮಾಡಿದ್ದೀಯ, ಇಲ್ಲ ಅಂದ್ನಾ? ತಿದಿ ಒತ್ತಿದ್ದೀಯ, ಇದ್ದಿಲು ತಂದಿದ್ದೀಯ..."

"ತಿದಿ ಒತ್ತಿದ್ದಾ?"

"ಹೋಗ್ಲಿ ಬಿಡು, ನಾನೂ ಹೊಡೆದಿದ್ದೀನಲ್ಲ, ಸ್ಕೂಲು ಬಿಟ್ಟು ಬಂದ್ಮೇಲೆ. ಅಪ್ಪ ಏನಂದ? ಕೆಲಸ ಮಾಡಿದವರಿಗೆ ಅಂದ. ಇಬ್ಬರೂ ಮಾಡಿದ್ದೀವಿ. ಗಂಡು ಮಗ ನಾನು, ಮಾರೋದು ನನ್ನ ಜವಾಬ್ದಾರಿ. ನಿನಗೊಂದು ರೈಲುಹಳಿ ತುಂಡು ತಂದ್ಕೊಡ್ತೀನಿ. ಅದ್ರ ಮೇಲೂ ಉಳಿ ತಟ್ಟಬಹುದು."

ಆಗ ಅವಳು ಸುಮ್ಮನಿರಬೇಕಿತ್ತು. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಗೊತ್ತಿದ್ದವಳೇ. ಆದರೆ ನಾಲಿಗೆ ಕೇಳಲಿಲ್ಲ. ತಮ್ಮನ ಕುತ್ತಿಗೆಪಟ್ಟಿ ಹಿಡಿದು ಅಡಿಗಲ್ಲಿನ ಮೇಲೆ ಬಗ್ಗಿಸಿದಳು. "ಈ ತಗ್ಗು ನೋಡೋ. ಕೊಂಬಿನ ಕಡೆಗೆ ವಾಲಿದೆ. ಬಲಗೈಯವರು ಹೊಡೆದ್ರೆ ಹೀಗೆ ಬೀಳಲ್ಲ. ಇದು ನನ್ನ ಎಡಗೈ ಕೊರೆದ ತಗ್ಗು. ಬರಲಿ ಆ ಬೆಲೆ ಕಟ್ಟೋರು. ಕಣ್ಣಿದ್ರೆ ಅವರೇ ಹೇಳ್ತಾರೆ!"

ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು. ಎರಡು ದಿನ ಕಳೆದು ಅವಳು ಉಳಿಗಳ ಚೀಲ ಹೊತ್ತು ಗಣಿಗೆ ಹೋಗಿ ಬರುವಷ್ಟರಲ್ಲಿ ಕೊರಡು ಬೋಳಾಗಿತ್ತು. ಅತ್ತೆ ಎಂದಿನಂತೆ ತನ್ನ ಕೋಣೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು.

"ಎಲ್ಲಿ ಅತ್ತೆ ಅಡಿಗಲ್ಲು?"

"ವ್ಯಾನಲ್ಲಿ ಹಾಕ್ಕೊಂಡು ಹೋದ. ಎಲ್ಲಿಗೆ ಅಂತ ನಂಗೇನು ಗೊತ್ತು? ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡಿ."

ಈ ಅತ್ತೆಯ ಮಾತೆಂದರೆ ಯಾವಾಗಲೂ ಹೀಗೇ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಿಕ್ಕ ವಯಸ್ಸಿಗೆ ಗಂಡ ತೀರಿಕೊಂಡು ಅಣ್ಣನ ಮನೆ ಸೇರಿದವಳು. ಅನ್ನ ಹಾಕಿದ ಕೈಗೆ ಎದುರಾಡಬಾರದು ಎಂದು ಬಾಯಿಗೆ ಹಾಕಿಕೊಂಡ ಬೀಗ ಅಣ್ಣ ಸತ್ತರೂ ತೆಗೆದಿರಲಿಲ್ಲ. ಯಾರು ಕೆಲಸ ಮಾಡಿದ್ದು ಅತ್ತೆ, ನೀನೇ ಹೇಳು ಎಂದು ಎಡಚಕ್ಕ ಕೇಳಿದಾಗಲೆಲ್ಲ, ಕುಲುಮೆ ವಿಚಾರ ನನಗೆ ತಿಳಿಯೋದಿಲ್ಲ ಕಣೆ ಎನ್ನುವುದು.

ಸಂಜೆ ವ್ಯಾನು ಬಂತು. ನಾಲ್ಕು ಜನ ಹೆಣಗಾಡಿ ಅಡಿಗಲ್ಲನ್ನು ಕೊರಡಿನ ಮೇಲೆ ಕೂರಿಸಿದರು. ಎಡಚಕ್ಕ ನೋಡಿದಳು. ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ತಗ್ಗಿಲ್ಲ, ವಾಲಿಲ್ಲ, ಈ ತುದಿಯಿಂದ ಆ ತುದಿಗೆ ದಾರ ಹಿಡಿದಂತೆ ಮಟ್ಟಸ. ಯಂತ್ರದ ವರ್ಕ್‌ಶಾಪಿನಲ್ಲಿ ಇಡೀ ದಿನ ಹಾಕಿ ಉಜ್ಜಿಸಿದ್ದ.

"ಬೆಲೆ ಕಟ್ಟೋರು ಬರ್ತಾರಲ್ಲ, ಸ್ವಲ್ಪ ಲಕ್ಷಣವಾಗಿ ಕಾಣಲಿ ಅಂತ" ಎಂದ ತಮ್ಮ, ಅವಳ ಮುಖ ನೋಡದೆ.

ಅಂಗೈಯನ್ನು ಆ ನುಣುಪಿನ ಮೇಲೆ ಇಟ್ಟಳು. ಇಡೀ ಪ್ರಾಯ ಹಾಕಿ ಕೊರೆದ ತಗ್ಗು, ಕಣ್ಣು ಮುಚ್ಚಿದರೂ ಕೈಗೆ ಸಿಗುತ್ತಿದ್ದ ತಗ್ಗು, ಈಗ ಇಲ್ಲ. ಹೊಡೆದದ್ದನ್ನು ಅಪ್ಪ ಬಾಯಲ್ಲಿ ಅಳಿಸಿದ್ದ, ಇವನು ಯಂತ್ರದಲ್ಲಿ ಅಳಿಸಿದ. ಅವತ್ತು ಅವಳು ಒಲೆ ಹಚ್ಚಲಿಲ್ಲ, ಊಟಕ್ಕೂ ಏಳಲಿಲ್ಲ.

ಬೆಲೆ ಕಟ್ಟುವವರು ಮರುದಿನ ಬೆಳಿಗ್ಗೆಯೇ ಬಂದರು. ಬೇರೆ ಊರಿನವರು. ಒಣಗಿದ ಮುದುಕರು, ಕೈಯಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ಹುಳಿ ತಿಂದ ಕಳೆ. ತಮ್ಮ ತಂದ ಕುರ್ಚಿಯನ್ನು ಕಣ್ಣೆತ್ತಿಯೂ ನೋಡದೆ ನೇರ ಅಡಿಗಲ್ಲಿನ ಹತ್ತಿರ ಬಂದವರು ಅಲ್ಲೇ ನಿಂತುಬಿಟ್ಟರು.

"ಯಾರ್ರೀ ಇದನ್ನ ಹೀಗೆ ಹೆರೆದದ್ದು?"

ತಮ್ಮ ಹಲ್ಲು ಬಿಟ್ಟ. "ಪಾಲಿಶ್ ಮಾಡಿಸ್ದೆ ಸಾರ್. ತಗ್ಗು ಬಿದ್ದು ಅಸಹ್ಯವಾಗಿತ್ತು."

"ಅಸಹ್ಯ ನಿಮ್ಮ ತಲೆ!" ಮುದುಕರು ಚೀಲದಿಂದ ಬೇರಿಂಗಿನ ಉಕ್ಕಿನ ಗುಂಡೊಂದನ್ನು ತೆಗೆದರು. ಗೇಣೆತ್ತರದಿಂದ ಅದನ್ನು ಬಾಲದ ಮೇಲೆ ಬಿಟ್ಟರು. ದಪ್. ಹಸಿ ಮಣ್ಣಿಗೆ ಬಿದ್ದಂತೆ ಬಿದ್ದು ಅಲ್ಲೇ ಉರುಳಿತು. ಕೊಂಬಿನ ಬುಡದಲ್ಲಿ ಬಿಟ್ಟರು. ಅಲ್ಲೂ ದಪ್. "ಕೇಳಿಸ್ತಾ? ಸತ್ತುಹೋಗಿದೆ. ಇದು ಎರಡು ಲೋಹ ಸ್ವಾಮಿ. ಮೈಯೆಲ್ಲ ಮೆತ್ತನೆ ಕಬ್ಬಿಣ, ಮೇಲೆ ಬೆರಳು ದಪ್ಪ ಗಟ್ಟಿ ಉಕ್ಕಿನ ಹೊದಿಕೆ. ಏಟು ತಡೆಯೋದು ಆ ಹೊದಿಕೆ. ಬೆಲೆ ಇರೋದೂ ಅದಕ್ಕೇ. ಅದನ್ನ ಉಜ್ಜಿ ಪುಡಿ ಮಾಡಿ ಗಾಳಿಗೆ ಊದಿದ್ದೀರಿ. ನಿಮ್ಮಂಥವರ ಕೈಗೆ ಹಳೇ ಸಾಮಾನು ಸಿಗಬಾರದು."

ತಮ್ಮನ ಮುಖದ ಬಣ್ಣ ಇಳಿಯಿತು. ಬಾಗಿಲಲ್ಲಿ ಅತ್ತೆ, ಅಯ್ಯೋ ಎಂದಳು. ಎಡಚಕ್ಕ ಗೋಡೆಗೆ ಒರಗಿ ನಿಂತೇ ಇದ್ದಳು. ತಗ್ಗೂ ಹೋಯಿತು, ಅಡಿಗಲ್ಲೂ ಹೋಯಿತು, ಇನ್ನು ಯಾವ ಸುಖಕ್ಕೆ ಬಾಯಿ ಮಾಡುವುದು ಎಂದು ಹಲ್ಲು ಕಚ್ಚಿಕೊಂಡಿದ್ದಳು.

ಮುದುಕರು ಬಯ್ಯುತ್ತಲೇ ಗುಂಡನ್ನು ನಟ್ಟನಡುವೆ ಬಿಟ್ಟರು.

ಟಣ್! ಗುಂಡು ಪುಟಿದು ಅವರ ಅಂಗೈಗೇ ವಾಪಸು ಬಂತು.

"ಇದೇನಿದು?" ಮತ್ತೆ ಬಿಟ್ಟರು. ಟಣ್. ಒಂದು ಬೆರಳು ಆಚೆ, ಟಣ್. ಇನ್ನೂ ಆಚೆ, ದಪ್. ಅವರ ಹುಳಿಮುಖ ಮಾಯವಾಯಿತು. ಚೀಲದಿಂದ ಸೀಮೆಸುಣ್ಣ ತೆಗೆದು ಗುಂಡು ಪುಟಿದ ಕಡೆಯಲ್ಲೆಲ್ಲ ಚುಕ್ಕೆ ಇಡುತ್ತ ಹೋದರು. ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದರು. ಹೊಳೆಯುವ ಮಟ್ಟಸ ಮುಖದ ಮೇಲೆ ಒಂದು ಗೇಣಿನಷ್ಟು ಉದ್ದದ, ಕೊಂಬಿನ ಕಡೆಗೆ ವಾಲಿದ, ಮೊಟ್ಟೆಯಾಕಾರದ ಗುರುತು ಮೂಡಿತು.

ಎಡಚಕ್ಕ ಗೋಡೆ ಬಿಟ್ಟು ಹತ್ತಿರ ಬಂದಳು. ಅದು ಅವಳ ತಗ್ಗು. ಅಲ್ಲೇ ಇತ್ತು.

"ಹೇಗೆ ಉಳೀತು ಇದು?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಬಾಮ್ಮ, ಇಲ್ಲಿ ಪಕ್ಕದಲ್ಲಿ ನೋಡು." ಮುದುಕರು ಅಡಿಗಲ್ಲಿನ ಬದಿಯಲ್ಲಿ ಉಗುರು ಎಳೆದರು. ಕಬ್ಬಿಣಕ್ಕೂ ಉಕ್ಕಿಗೂ ನಡುವಿನ ಬೆಸುಗೆಯ ಗೆರೆ ಕೂದಲೆಳೆಯಷ್ಟು ಸಣ್ಣಗೆ ಕಾಣುತ್ತಿತ್ತು. ಅದು ನೇರವಾಗಿರಲಿಲ್ಲ. ನಡುವೆ ಜೋತು ಬಿದ್ದು, ಎರಡೂ ತುದಿಯಲ್ಲಿ ಮೇಲೇರಿ, ಮುಖದ ಅಂಚಿಗೆ ಬಂದು ಮುಗಿದುಹೋಗಿತ್ತು. "ಏಟು ಬಿದ್ದು ಬಿದ್ದು ಇಲ್ಲಿ ಉಕ್ಕು ಸವೆದಿಲ್ಲ, ಅಡಿಯ ಕಬ್ಬಿಣದ ಸಮೇತ ಕೆಳಗೆ ಇಳಿದಿದೆ. ಉಜ್ಜಿದವನು ಮಟ್ಟ ಮಾಡೋಕೆ ಎತ್ತರ ಇದ್ದದ್ದನ್ನ ತೆಗೆದ, ಅಂದ್ರೆ ಎರಡೂ ತುದಿ. ತಗ್ಗಿನಲ್ಲಿದ್ದ ಉಕ್ಕಿಗೆ ಅವನ ಕೈ ತಲುಪಲೇ ಇಲ್ಲ. ಎಲ್ಲಿ ಕೆಲಸ ನಡೆದಿತ್ತೋ ಅಲ್ಲಿ ಮಾತ್ರ ಜೀವ ಉಳಿದಿದೆ." ಅವರು ಸುಣ್ಣದ ಗೆರೆಯನ್ನು ಬೆರಳಲ್ಲಿ ತೋರಿಸಿದರು. "ಇನ್ನೊಂದು ನೋಡಿ. ಗುರುತು ಹೀಗೆ ವಾಲಿದೆ. ಸುತ್ತಿಗೆ ಹಿಡಿದ ಕಮ್ಮಾರ ಬಲಗೈಯವನು. ಎದುರಿಗೆ ನಿಂತು ಚಮ್ಮಟಿಗೆ ಹೊಡೆದವರು ಮಾತ್ರ ಎಡಗೈ. ಒಂದೆರಡು ವರ್ಷದ ಮಾತಲ್ಲ ಇದು, ಒಂದು ಆಯಸ್ಸಿನ ಏಟು. ಯಾರು ಅವರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮ ಬಲಗೈಯಲ್ಲಿ ಹಿಡಿದಿದ್ದ ಮೊಬೈಲನ್ನು ಸರಕ್ಕನೆ ಎಡಗೈಗೆ ಬದಲಾಯಿಸಿಕೊಂಡ.

"ಅದೆಲ್ಲ ಇರಲಿ ಸಾರ್, ಬೆಲೆ ಎಷ್ಟಾಗಬಹುದು?"

"ಗುಜರಿಯವನು ತೂಕಕ್ಕೆ ಕೊಟ್ಟಷ್ಟು. ಹೋಟೆಲಿನವರಿಗೆ ಬೇಡ ಅಂತಲೇ ಹೇಳೋದು ನಾನು. ನೋಡೋಕೆ ಇಡೋರಿಗೆ ಇದು ಕೆಟ್ಟುಹೋಗಿದೆ. ಕೆಲಸ ಮಾಡೋರಿಗೆ ನಡುವೆ ಒಂದು ಗೇಣು ಜಾಗ ಇದೆ. ಇನ್ನೊಂದು ತಲೆಮಾರು ತಡೆಯುತ್ತೆ."

ತಮ್ಮ ನಿಟ್ಟುಸಿರು ಬಿಟ್ಟ. ಆಮೇಲೆ ಮುಖದಲ್ಲಿ ದೊಡ್ಡ ಮನುಷ್ಯನ ಕಳೆ ತಂದುಕೊಂಡು ಅಕ್ಕನ ಕಡೆ ತಿರುಗಿದ.

"ಹೋಗ್ಲಿ ಅಕ್ಕ, ನೀನೇ ಇಟ್ಕೋ. ನನ್ನ ಪಾಲು ನಿನಗೆ ಬಿಟ್ಟುಕೊಟ್ಟೆ."

ಬಿಟ್ಟುಕೊಟ್ಟನಂತೆ! ಅಡಿಗಲ್ಲಿಗೆ ಬಗ್ಗಿದ್ದವಳು ನೆಟ್ಟಗಾದಳು.

"ನಿನ್ನದಲ್ಲದ್ದನ್ನ ಬಿಟ್ಟುಕೊಡೋಕೆ ನೀನ್ಯಾರೋ? ನಂಗೆ ಭಿಕ್ಷೆ ಹಾಕ್ತೀಯ? ಯಾರು ಅವರು ಅಂತ ಕೇಳಿದ್ರಲ್ಲ, ಉತ್ತರ ಹೇಳು. ಇವರ ಮುಂದೆ ಹೇಳು."

"ಅದೇ... ನೀನೂ ಹೊಡೆದಿದ್ದೀಯ, ನಾನೂ ಹೊಡೆದಿದ್ದೀನಿ. ಚಿಕ್ಕವನಿದ್ದಾಗ ನಾನು ಎಡಗೈಯಲ್ಲೂ ಹೊಡೀತಿದ್ದೆ. ನಿಂಗೆ ನೆನಪಿಲ್ಲ."

"ಹೌದಾ?" ಎಂದಳು ಎಡಚಕ್ಕ, ತಣ್ಣಗೆ. ಅವಳ ದನಿ ತಣ್ಣಗಾದರೆ ಬೀದಿಯ ನಾಯಿಯೂ ಜಾಗ ಬಿಡುತ್ತದೆ. "ಬಹಳ ಒಳ್ಳೇದಾಯ್ತು. ಸ್ವಾಮಿ, ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಹೋಗೋ ಅವಸರ ಇಲ್ಲ ತಾನೆ?"

ಮುದುಕರು ಆಗ ಕುರ್ಚಿ ಎಳೆದುಕೊಂಡರು. ಅವಳು ಒಲೆಗೆ ಇದ್ದಿಲು ಸುರಿದು ಬೆಂಕಿ ಹಚ್ಚಿದಳು. ಗಣಿಯವರ ಹಾರೆಯೊಂದನ್ನು ಕೆಂಡದಲ್ಲಿ ತುರುಕಿದಳು. ಅದು ಹಳದಿಗೆ ತಿರುಗುವ ತನಕ ತಿದಿ ಒತ್ತಿ ಗಾಳಿ ಊದಿದಳು. ಆಮೇಲೆ ಇಕ್ಕಳವನ್ನೂ ಸಣ್ಣ ಸುತ್ತಿಗೆಯನ್ನೂ ತಮ್ಮನ ಕೈಗೆ ಕೊಟ್ಟು ಅಪ್ಪನ ಜಾಗದಲ್ಲಿ ನಿಲ್ಲಿಸಿದಳು.

"ನಾನು ಹೊಡೀತೀನಿ. ಸಾಕು ಅನ್ನಿಸಿದಾಗ ನೀನು ನಿಲ್ಲಿಸು. ಅಪ್ಪ ನಿಲ್ಲಿಸ್ತಿದ್ದ ಹಾಗೆ. ಅವನೆದುರು ನಿಂತು ಹೊಡೆದವನಲ್ವಾ ನೀನು, ದಿನಕ್ಕೆ ನೂರು ಸಲ ನೋಡಿರ್ತೀಯ. ನಿಲ್ಲಿಸಿದ್ರೆ ಅಡಿಗಲ್ಲು ನಿಂದು. ನಾನೇ ಹೊತ್ತು ನಿನ್ನ ಗಾಜಿನ ಬಾಗಿಲ ಮುಂದೆ ಇಡ್ತೀನಿ."

ತಮ್ಮ ನಕ್ಕ. ಅದೇನು ಮಹಾ ಅಂದುಕೊಂಡ.

ಮೊದಲ ಏಟಿಗೇ ನಗು ಹಾರಿತು. ಚಮ್ಮಟಿಗೆ ಅವಳ ಎಡಭುಜದ ಮೇಲಿಂದ ಎದ್ದು ಸುಣ್ಣದ ಗೆರೆಯ ನಡುವಿಗೆ ಬಂದು ಬಿತ್ತು. ಕಿಡಿ ನಾಲ್ಕೂ ಕಡೆ ಚಿಮ್ಮಿ ಅವನ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ತೂತು ಬಿದ್ದವು. ಎರಡನೆಯದು. ಮೂರನೆಯದು. ಪ್ರತಿ ಏಟಿಗೂ ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. "ಸಾಕು" ಎಂದ. ಅವಳಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಗಾಬರಿಯಲ್ಲಿ ಅವನು ಸುತ್ತಿಗೆಯಿಂದ ಅಡಿಗಲ್ಲಿಗೆ ತಟ್ಟಿದ: ಟಿಣ್ ಟಿಣ್. ಅವಳು ಇನ್ನೂ ಜೋರಾಗಿ ಹೊಡೆದಳು. ಅವನು ಇನ್ನೂ ತಟ್ಟಿದ. ಅವಳು ಇನ್ನೂ ಎತ್ತರದಿಂದ ತಂದು ಬಿಟ್ಟಳು. ಕಬ್ಬಿಣ ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗತೊಡಗಿತು. ತಣಿದ ಕಬ್ಬಿಣದ ಮೇಲೆ ಬಿದ್ದ ಏಟು ಇಕ್ಕಳ ಹಿಡಿದವನ ಮೊಣಕೈಗೆ ಹತ್ತುತ್ತದೆ, ಮೊಣಕೈಯಿಂದ ಹಲ್ಲಿಗೆ.

"ಅಕ್ಕಾ! ಸಾಕು ಅಂದ್ನಲ್ಲ! ನಿಲ್ಸು!"

"ನಾನು ಬಾಯಿಮಾತಿಗೆ ನಿಲ್ಲಿಸಿದವಳಲ್ಲ ಕಣೋ!" ಚಮ್ಮಟಿಗೆ ಮತ್ತೆ ಎದ್ದಿತು. "ಬಾಯಿಮಾತು ಈ ಕುಲುಮೆಯಲ್ಲಿ ಯಾವತ್ತು ನಡೆದಿದೆ? ನಿಲ್ಲಿಸು! ಗೊತ್ತಿದ್ರೆ ನಿಲ್ಲಿಸು!"

"ಸುತ್ತಿಗೆ ಮಲಗಿಸೋ ಮುಟ್ಠಾಳ!" ಹಿಂದಿನಿಂದ ಒಂದು ಕೂಗು ಬಂತು.

ಅತ್ತೆ ಮಣೆಯಿಂದ ಎದ್ದು ನಿಂತಿದ್ದಳು. "ಅಡ್ಡ ಮಲಗಿಸು ಅಡಿಗಲ್ಲಿನ ಮೇಲೆ! ಕೈ ಮುರ್ಕೊಂತೀಯ!"

ತಮ್ಮ ಸುತ್ತಿಗೆಯನ್ನು ಅಡ್ಡ ಮಲಗಿಸಿದ. ತಲೆಯ ಮೇಲೆತ್ತಿದ್ದ ಚಮ್ಮಟಿಗೆ ಗಾಳಿಯಲ್ಲೇ ನಿಂತಿತು. ಅವನು ಇಕ್ಕಳ ಬಿಸಾಕಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೊರಡಿನ ಪಕ್ಕ ಕುಸಿದು ಕೂತ.

ಎಡಚಕ್ಕ ಅವನನ್ನು ನೋಡಲೇ ಇಲ್ಲ. ಚಮ್ಮಟಿಗೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಅತ್ತೆಯ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ ಅತ್ತೆ?"

ಅತ್ತೆ ಚೌಕಟ್ಟು ಹಿಡಿದುಕೊಂಡಳು. "ಗೋಡೆ ಆಚೆ ಇದ್ದವಳು ಕಣೆ ನಾನು. ದಿನಾ ಕೇಳ್ತಿದ್ದೆ. ಕಿಂಡೀಲಿ ನೋಡ್ತಿದ್ದೆ."

"ಕುಲುಮೆ ವಿಚಾರ ತಿಳಿಯಲ್ಲ ಅಂದೆ! ವರ್ಷದಿಂದ ನಿನ್ನ ಕಾಲು ಹಿಡಿದು ಕೇಳಿದ್ದೀನಿ, ಬಾಯಲ್ಲಿ ಏನಿಟ್ಕೊಂಡಿದ್ದೆ? ಇವನು ಸುಳ್ಳು ಹೇಳೋದು ಅಂಗಡಿಗೋಸ್ಕರ. ನೀನು ಯಾಕೆ?"

"ನಿಮ್ಮಪ್ಪ ನಂಗೂ ಹಾಗೇ ಸುತ್ತಿಗೆ ಮಲಗಿಸಿ ತೋರಿಸಿದ್ದ." ಎಂದಳು ಅತ್ತೆ. "ನೀನು ಚಮ್ಮಟಿಗೆ ಹಿಡಿದ ಮೊದಲನೇ ದಿನಾನೇ. ಹೊರಗೆ ಬಾಯಿ ಬಿಡಬೇಡ ಅಂತ. ಅವನು ಹೋದ, ನಾನು ಹಾಗೇ ಇದ್ದೆ."

ಪಾಪ ಎನ್ನಬೇಕೇ? ಎಡಚಕ್ಕನಿಗೆ ಪಾಪ ಅನ್ನಿಸಲಿಲ್ಲ. ಬೆವರು ಅವಳ ಕಣ್ಣಿಗೆ ಇಳಿಯುತ್ತಿತ್ತು, ಅದು ಬೆವರೇ. ಅಡಿಗಲ್ಲಿನ ಮೇಲೆ ಅಡ್ಡ ಮಲಗಿದ್ದ ಸಣ್ಣ ಸುತ್ತಿಗೆಯನ್ನು ಎತ್ತಿಕೊಂಡಳು. ಅಪ್ಪನ ಬೆರಳು ತಾಗಿ ಸವೆದ ಹಿಡಿಕೆ. ಅತ್ತೆಯ ಮುಖದಿಂದ ಕಣ್ಣು ತೆಗೆಯದೆ ಸುಣ್ಣದ ಗೆರೆಯ ನಡುವೆ ಒಂದೇ ಒಂದು ಸಲ ತಟ್ಟಿದಳು.

ಟಿಣ್.

ಅತ್ತೆಗೆ ಅರ್ಥವಾಯಿತು. ತುಟಿ ಒದ್ದೆ ಮಾಡಿಕೊಂಡು, ಕುರ್ಚಿಯಲ್ಲಿದ್ದ ಮುದುಕರ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದಳು. "ಹೊಡೆದವಳು ಇವಳು, ಸ್ವಾಮಿ. ಮೊದಲಿಂದ ಕೊನೇತನಕ ಇವಳೊಬ್ಬಳೇ."

ಎಡಚಕ್ಕ ಸುತ್ತಿಗೆ ಕೆಳಗಿಡಲಿಲ್ಲ. ಮತ್ತೆ ತಟ್ಟಿದಳು, ಎರಡು ಸಲ.

ಟಿಣ್ ಟಿಣ್.

ಅತ್ತೆ ಎದೆ ತುಂಬ ಉಸಿರೆಳೆದುಕೊಂಡು, ಕೋಣೆ, ಅಡುಗೆಮನೆ, ಗಾಜಿನ ಬಾಗಿಲು ಎಲ್ಲ ದಾಟಿ ರಸ್ತೆಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಅದೇ ಮಾತನ್ನು ಮತ್ತೆ ಹೇಳಿದಳು.